ಅರಬ್ಬಿಯಲ್ಲದ, ಭಾರಿ ಮೈಕಟ್ಟಿನ ಕುದುರೆಯಲ್ಲಿ ಎಂಡ್ಯೂರೆನ್ಸ್ ಸವಾರಿ: ಮೊದಲ 50 ಮೈಲಿಗೆ ಸಿದ್ಧತೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಕುದುರೆ ಸಾಕಿಕೊಂಡಿರುವ ಕನ್ನಡಿಗ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ನಮ್ಮ ಲಾಯದಲ್ಲಿರುವುದು ಕ್ವಾರ್ಟರ್ ಹಾರ್ಸ್. ಎಂಡ್ಯೂರೆನ್ಸ್ ಸ್ಪರ್ಧೆಗೆ ಅರಬ್ಬಿ ಕುದುರೆಯೇ ಬೇಕೆ?” ಕೆಲವರ ಬಳಿ ಮೋರ್ಗನ್ ಇರುತ್ತದೆ, ಕೆಲವರ ಬಳಿ ಫ್ರೀಸಿಯನ್, ಇನ್ನು ಕೆಲವರ ಬಳಿ ಗಾಡಿ ಎಳೆಯುವ ಪರ್ಶೆರಾನ್ ರಕ್ತ ಬೆರೆತ ಮಿಶ್ರತಳಿ. ಎಲ್ಲರಿಗೂ ನನ್ನ ಉತ್ತರ ಒಂದೇ ಆಗಿದೆ. ಅರಬ್ಬಿಯೇ ಆಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹೇಸರಗತ್ತೆಗಳು ಸಹ ಈ ದೀರ್ಘದೂರದ ಸವಾರಿ ಸ್ಪರ್ಧೆಗಳನ್ನು ಗೌರವದಿಂದ ಪೂರೈಸಿವೆ. ಆದರೆ ಅರಬ್ಬಿಗೆಂದು ರೂಪಿಸಿದ ತರಬೇತಿ, ವೇಗ ಮತ್ತು ಆಹಾರದ ಕ್ರಮವನ್ನು ಭಾರಿ ಮೈಯ ಕುದುರೆಗೆ ಹಾಗೆಯೇ ಹೊರಿಸಿದರೆ ಅದು ಸೋಲುತ್ತದೆ, ಕೆಲವೊಮ್ಮೆ ಅಪಾಯಕ್ಕೂ ಸಿಲುಕುತ್ತದೆ.

ಮೊದಲು ಸ್ಪರ್ಧೆಯ ಸ್ವರೂಪವನ್ನು ತಿಳಿದುಕೊಳ್ಳಿ. ಅಮೆರಿಕದಲ್ಲಿ ಈ ಕ್ರೀಡೆಯನ್ನು ನಿರ್ವಹಿಸುವ ಮುಖ್ಯ ಸಂಸ್ಥೆ 1972ರಲ್ಲಿ ಸ್ಥಾಪನೆಯಾದ ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್, ಅಂದರೆ ಎ.ಇ.ಆರ್.ಸಿ. ಇದರ ನಿಯಮದಂತೆ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ದೂರದ ಸವಾರಿಯನ್ನು ಎಂಡ್ಯೂರೆನ್ಸ್ ಎಂದು ಕರೆಯುತ್ತಾರೆ. 25ರಿಂದ 35 ಮೈಲಿಯ ಸವಾರಿಗೆ ‘ಲಿಮಿಟೆಡ್ ಡಿಸ್ಟನ್ಸ್’ ಎಂಬ ಬೇರೆ ಹೆಸರಿದೆ. 25 ಮೈಲಿಗೆ 6 ಗಂಟೆ, 50 ಮೈಲಿಗೆ 12 ಗಂಟೆ, 100 ಮೈಲಿಗೆ 24 ಗಂಟೆಗಳ ಕಾಲಮಿತಿ ಇರುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಪಶುವೈದ್ಯರು ಪ್ರತಿಯೊಂದು ಕುದುರೆಯನ್ನೂ ಪರೀಕ್ಷಿಸುತ್ತಾರೆ. ಈ ತಾಣಕ್ಕೆ ‘ವೆಟ್ ಚೆಕ್’ ಎಂದು ಹೆಸರು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕುದುರೆಯೂ ನಿಗದಿತ ಹೊತ್ತು ನಿಂತು ವಿಶ್ರಮಿಸಲೇಬೇಕು; ಈ ಕಡ್ಡಾಯ ವಿಶ್ರಾಂತಿಯೇ ‘ಹೋಲ್ಡ್’. ತೇರ್ಗಡೆಯಾಗದ ಕುದುರೆಯ ಸವಾರಿ ಅಲ್ಲಿಗೇ ಮುಗಿಯುತ್ತದೆ. “ಮುಗಿಸಿದವರೇ ಗೆದ್ದವರು” ಎಂಬ ಅರ್ಥದ ಮಾತು ಈ ಸಂಸ್ಥೆಯ ಧ್ಯೇಯವಾಕ್ಯ. ಭಾರಿ ಕುದುರೆಯ ಸವಾರರು ಇದನ್ನು ಅಕ್ಷರಶಃ ನಂಬಬೇಕು.

ಲೆಕ್ಕವೂ ನಿಮ್ಮ ಪರವಾಗಿಯೇ ಇದೆ. 50 ಮೈಲಿಯ ಸವಾರಿಯಲ್ಲಿ ಒಟ್ಟು ಒಂದೂವರೆ ಗಂಟೆ ವಿಶ್ರಾಂತಿಗೆ ಹೋಯಿತೆಂದುಕೊಂಡರೆ ನಿಮಗೆ ಹತ್ತೂವರೆ ಗಂಟೆ ಉಳಿಯುತ್ತದೆ, ಅಂದರೆ ಗಂಟೆಗೆ ಸುಮಾರು 7.7 ಕಿಲೋಮೀಟರ್ ಸಾಗಿದರೆ ಸಾಕು. ಚುರುಕಾಗಿ ನಡೆಯುವ ಕುದುರೆ ಗಂಟೆಗೆ 6 ಕಿಲೋಮೀಟರ್ ನಡೆಯುತ್ತದೆ. ಟ್ರಾಟ್‌ನಲ್ಲಿ, ಅಂದರೆ ಕರ್ಣರೇಖೆಯ ಎರಡೆರಡು ಕಾಲುಗಳು ಜೊತೆಯಾಗಿ ಏಳುವ ಮಧ್ಯಮ ಓಟದಲ್ಲಿ, 12 ಕಿಲೋಮೀಟರ್ ದಾಟುತ್ತದೆ. ಹಾಗಾಗಿ ನಾಗಾಲೋಟದ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಪ್ರವೇಶಪತ್ರದಲ್ಲಿ ‘ಹೆವಿವೇಟ್’ ಎಂಬ ವಿಭಾಗವನ್ನು ಕಂಡು ಅದು ಭಾರದ ಕುದುರೆಗಳಿಗೆ ಮೀಸಲಾದ ವಿಭಾಗವೆಂದು ಹಲವರು ಭಾವಿಸುತ್ತಾರೆ. ಅದು ಕುದುರೆಯ ತೂಕವಲ್ಲ, ಸವಾರನ ತೂಕ. ಜೀನು ಮತ್ತು ಇತರ ಸಲಕರಣೆಗಳೂ ಸೇರಿ 211 ಪೌಂಡ್, ಅಂದರೆ ಸುಮಾರು 96 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗುವ ಸವಾರರು ಆ ವಿಭಾಗಕ್ಕೆ ಸೇರುತ್ತಾರೆ. ಕುದುರೆಯ ತಳಿಗಾಗಲೀ ಗಾತ್ರಕ್ಕಾಗಲೀ ಯಾವ ರಿಯಾಯಿತಿಯೂ ಇಲ್ಲ. 400 ಕಿಲೋದ ಅರಬ್ಬಿಗೂ 600 ಕಿಲೋದ ಫ್ರೀಸಿಯನ್‌ಗೂ ವೆಟ್ ಚೆಕ್‌ನಲ್ಲಿ ಇಳಿಯಬೇಕಾದ ನಾಡಿಯ ಮಿತಿ ಒಂದೇ.

ಹಾಗಾದರೆ ಭಾರಿ ಕುದುರೆಗೆ ಇರುವ ನಿಜವಾದ ತೊಡಕು ಯಾವುದು? ಅದು ಶಕ್ತಿಯ ಕೊರತೆಯಲ್ಲ, ಶಾಖ. ದುಡಿಯುವ ಸ್ನಾಯು ತಾನು ಸುಡುವ ಶಕ್ತಿಯ ಕಾಲು ಭಾಗವನ್ನಷ್ಟೇ ಚಲನೆಯಾಗಿ ಮಾರ್ಪಡಿಸುತ್ತದೆ. ಉಳಿದ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಶಾಖವಾಗಿ ಮೈಯಲ್ಲಿ ಸೇರುತ್ತದೆ. ಆ ಶಾಖ ಹೊರಹೋಗಬೇಕಾದದ್ದು ಬಹುಮಟ್ಟಿಗೆ ಚರ್ಮದ ಮೂಲಕ. ಮೈ ದೊಡ್ಡದಾದಷ್ಟೂ ಪ್ರತಿ ಕಿಲೋ ತೂಕಕ್ಕೆ ದೊರೆಯುವ ಚರ್ಮದ ವಿಸ್ತೀರ್ಣ ಕಡಿಮೆಯಾಗುತ್ತದೆ. ದೊಡ್ಡ ಹಂಡೆಯ ನೀರು ಚೊಂಬಿನ ನೀರಿಗಿಂತ ನಿಧಾನವಾಗಿ ಆರುವುದಕ್ಕೂ ಇದೇ ಕಾರಣ. ಇದಕ್ಕೆ ಕ್ವಾರ್ಟರ್ ಹಾರ್ಸ್‌ನಂತಹ ತಳಿಗಳ ದಪ್ಪ ಸ್ನಾಯುಗಳ ಸ್ವಭಾವವೂ ಸೇರುತ್ತದೆ. ಅರಬ್ಬಿಯಲ್ಲಿ ನಿಧಾನವಾಗಿ, ದೀರ್ಘಕಾಲ ದುಡಿಯುವ ಸ್ನಾಯುತಂತುಗಳು ಹೆಚ್ಚು. ಕ್ವಾರ್ಟರ್ ಹಾರ್ಸ್‌ನಲ್ಲಿ ಕಾಲು ಮೈಲಿಯ ಓಟಕ್ಕೆ ಹೇಳಿಮಾಡಿಸಿದಂತಹ, ಬೇಗ ಬಿರುಸಾಗಿ ಬೇಗ ದಣಿಯುವ ತಂತುಗಳು ಹೆಚ್ಚು. ಮುಂದಿನ ಪ್ರತಿಯೊಂದು ಹಂತವೂ ಈ ಶಾಖವನ್ನು ಕಡಿಮೆ ಹುಟ್ಟಿಸುವ ಮತ್ತು ಬೇಗ ಹೊರಹಾಕುವ ಉಪಾಯವೆಂದು ತಿಳಿದು ಓದಿ.

ಹಂತ 1: ನಿಮ್ಮ ಕುದುರೆಯನ್ನು ನಿಷ್ಠುರವಾಗಿ ಅಳೆಯಿರಿ

ತಳಿಗಿಂತ ಮೈಮಾಟ ಮುಖ್ಯ. ಒಂದೇ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ ಥರೋಬ್ರೆಡ್ ರಕ್ತ ಹೆಚ್ಚಿರುವ ತೆಳ್ಳನೆಯ, ಉದ್ದ ಸ್ನಾಯುವಿನ ಕುದುರೆಗಳೂ ಇವೆ. ಪ್ರದರ್ಶನಕ್ಕೆಂದು ಬೆಳೆಸಿದ, ಪೃಷ್ಠದಲ್ಲಿ ಮಾಂಸದ ಗುಡ್ಡೆಯನ್ನೇ ಹೊತ್ತ ಕುದುರೆಗಳೂ ಇವೆ. ಮೊದಲನೆಯದು 50 ಮೈಲಿಗೆ ಒಗ್ಗುತ್ತದೆ, ಎರಡನೆಯದರ ಮೇಲೆ ಆ ಹೊರೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮೋರ್ಗನ್, ಸ್ಟ್ಯಾಂಡರ್ಡ್‌ಬ್ರೆಡ್, ಕಾಡಿನಿಂದ ಹಿಡಿದು ತಂದ ಮಸ್ಟ್ಯಾಂಗ್ ಮತ್ತು ಅಪಲೂಸಾ ಕುದುರೆಗಳು ಈ ದೂರಕ್ಕೆ ಸಾಮಾನ್ಯವಾಗಿ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಶುದ್ಧ ಪರ್ಶೆರಾನ್ ಅಥವಾ ಬೆಲ್ಜಿಯನ್‌ನಂತಹ ಬಂಡಿ ತಳಿಗಳನ್ನು ತಂಪು ಋತುವಿನಲ್ಲಿ 25 ಮೈಲಿಗೆ ಸಿದ್ಧಪಡಿಸಬಹುದು, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ಕೇಳಬೇಡಿ.

ಒಂದು ವಾರ ಬೆಳಿಗ್ಗೆ, ಮೇವು ಹಾಕುವ ಮೊದಲು ಕುದುರೆಯ ನಾಡಿಯನ್ನು ಎಣಿಸಿ ಬರೆದಿಡಿ. ಎಡ ಮೊಣಕೈಯ ಹಿಂದೆ ಸ್ಟೆತೋಸ್ಕೋಪ್ ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ನಿಮಿಷಕ್ಕೆ 28ರಿಂದ 44ರೊಳಗೆ ಇದ್ದರೆ ಸಹಜ. ಕುದುರೆಗೆ ವಯಸ್ಸೂ ಆಗಿರಬೇಕು. ಲಿಮಿಟೆಡ್ ಡಿಸ್ಟನ್ಸ್‌ಗೆ ಕನಿಷ್ಠ 48 ತಿಂಗಳು, 50 ಮೈಲಿಗೆ ಕನಿಷ್ಠ 60 ತಿಂಗಳು ತುಂಬಿರಬೇಕೆಂಬುದು ನಿಯಮ. ಭಾರಿ ತಳಿಗಳ ಮೂಳೆ ಬಲಿಯುವುದು ತಡವಾದ್ದರಿಂದ ಆರು ವರ್ಷ ಮುಗಿಯುವವರೆಗೂ 50 ಮೈಲಿಯ ಮಾತೆತ್ತದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹೊರೆಯ ಲೆಕ್ಕವನ್ನೂ ಈಗಲೇ ಮಾಡಿಬಿಡಿ. ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಶೇಕಡ 20ರ ಒಳಗಿರಬೇಕೆಂಬುದು ಬಹುಕಾಲದಿಂದ ಬಂದ ಅಳತೆ. ಇಲ್ಲಿ ಭಾರಿ ಕುದುರೆಗೆ ಅನುಕೂಲವಿದ್ದಂತೆ ಕಾಣುತ್ತದೆ, ಆದರೆ ಕೊಬ್ಬಿನ ತೂಕವನ್ನು ಈ ಲೆಕ್ಕಕ್ಕೆ ಸೇರಿಸಬಾರದು. 50 ಕಿಲೋ ಹೆಚ್ಚುವರಿ ಕೊಬ್ಬು ಹೊತ್ತ ಕುದುರೆಯು ನಿಮ್ಮ ಜೊತೆಗೆ ಇನ್ನೊಬ್ಬ ಸಣ್ಣ ಸವಾರನನ್ನೂ ಹೊತ್ತಿರುತ್ತದೆ.

ಹಂತ 2: ಪಶುವೈದ್ಯರ ಪರೀಕ್ಷೆ, ಅದರಲ್ಲೂ ಸ್ನಾಯುರೋಗದ ಪರೀಕ್ಷೆ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಕ್ವಾರ್ಟರ್ ಹಾರ್ಸ್ ಮತ್ತು ಬಂಡಿ ತಳಿಗಳಲ್ಲಿ ಪಿ.ಎಸ್.ಎಸ್.ಎಂ. ಎಂಬ ಆನುವಂಶಿಕ ಸ್ನಾಯುರೋಗ ಸಾಮಾನ್ಯವಾಗಿ ಕಂಡುಬರುತ್ತದೆ. ಇದಿರುವ ಕುದುರೆಯ ಸ್ನಾಯುವಿನಲ್ಲಿ ಸಕ್ಕರೆಯ ಅಂಶವು ಅಸಹಜ ರೂಪದಲ್ಲಿ ಕೂಡಿಕೊಳ್ಳುತ್ತದೆ, ದುಡಿಮೆಯ ನಡುವೆ ಪೃಷ್ಠದ ಸ್ನಾಯುಗಳು ಕಲ್ಲಿನಂತೆ ಸೆಟೆದುಕೊಳ್ಳುತ್ತವೆ. ಹೀಗೆ ಸೆಟೆಯುವುದನ್ನು ಅಮೆರಿಕದ ಸವಾರರು ‘ಟೈಯಿಂಗ್ ಅಪ್’ ಎನ್ನುತ್ತಾರೆ. ಸ್ನಾಯು ಒಡೆದು ಅದರ ವರ್ಣದ್ರವ್ಯ ಮೂತ್ರದಲ್ಲಿ ಕಾಫಿ ಬಣ್ಣವಾಗಿ ಇಳಿಯುತ್ತದೆ, ಮೂತ್ರಪಿಂಡಕ್ಕೂ ಧಕ್ಕೆಯಾಗುತ್ತದೆ. ಈ ರೋಗದ ಮೊದಲ ವಿಧವನ್ನು ಬುಡಸಹಿತ ಕಿತ್ತ ಕೂದಲು ಅಥವಾ ರಕ್ತದ ಮಾದರಿಯಿಂದ ಪತ್ತೆಹಚ್ಚಬಹುದು. ಫಲಿತಾಂಶ ಬರುವ ಮೊದಲು ತರಬೇತಿಯನ್ನು ಹೆಚ್ಚಿಸಬೇಡಿ. ರೋಗವಿದ್ದರೆ ಪಿಷ್ಟ ಕಡಿಮೆ ಇರುವ, ಕೊಬ್ಬಿನಿಂದ ಶಕ್ತಿ ಕೊಡುವ ಆಹಾರ ಮತ್ತು ಒಂದು ದಿನವೂ ತಪ್ಪದ ಹಗುರ ವ್ಯಾಯಾಮದಿಂದ ಅನೇಕ ಕುದುರೆಗಳು ನೆಮ್ಮದಿಯಾಗಿರುತ್ತವೆ. ಆದರೆ ಅಂತಹ ಕುದುರೆಯನ್ನು 50 ಮೈಲಿಗೆ ಒಯ್ಯುವ ತೀರ್ಮಾನವನ್ನು ನಿಮ್ಮ ಪಶುವೈದ್ಯರು ಮಾಡಬೇಕು, ನೀವಲ್ಲ.

ಹಂತ 3: ಮೈಯನ್ನು ಸರಿಯಾದ ತೂಕಕ್ಕೆ ತನ್ನಿ

ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದಲ್ಲಿ 1983ರಲ್ಲಿ ರೂಪುಗೊಂಡ ಹೆನೆಕಿ ಮಾಪನ ಇಲ್ಲಿ ನಿಮಗೆ ನೆರವಾಗುತ್ತದೆ. ಕುತ್ತಿಗೆ, ಭುಜದ ಹಿಂಭಾಗ, ಪಕ್ಕೆಲುಬು, ಬೆನ್ನು ಮತ್ತು ಬಾಲದ ಬುಡವನ್ನು ಕೈಯಿಂದ ಒತ್ತಿ ನೋಡಿ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿ ಇದು. 1 ಎಂದರೆ ಎಲುಬಿನ ಹಂದರ, 9 ಎಂದರೆ ಅತಿಯಾದ ಕೊಬ್ಬು. ನಿಮ್ಮ ಗುರಿ 5ರ ಆಸುಪಾಸು: ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸುಲಭವಾಗಿ ಸಿಗಬೇಕು. ಮೋರ್ಗನ್, ಹಾಫ್ಲಿಂಗರ್, ಫ್ಯೋರ್ಡ್ ಮತ್ತು ಬಂಡಿ ತಳಿಗಳು ಸ್ವಲ್ಪ ಮೇವಿಗೇ ಮೈತುಂಬಿಕೊಳ್ಳುತ್ತವೆ. ಚರ್ಮದಡಿಯ ಕೊಬ್ಬು ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ.

ಹಾಗೆಂದು ಕುದುರೆಯನ್ನು ಸೊರಗಿಸುವುದೂ ತಪ್ಪೇ. 1990ರ ದಶಕದಲ್ಲಿ ಟೆವಿಸ್ ಕಪ್ ಎಂಬ 100 ಮೈಲಿಯ ಸ್ಪರ್ಧೆಯ ಕುದುರೆಗಳ ಮೇಲೆ ನಡೆದ ಅಧ್ಯಯನದಲ್ಲಿ, ತೀರಾ ತೆಳ್ಳಗಿದ್ದ ಕುದುರೆಗಳು ದಾರಿಯಲ್ಲೇ ಉಳಿದವು. ಪೂರೈಸುವುದಕ್ಕೂ ಮೈಯ ಸ್ಥಿತಿಗೂ ಕಂಡುಬಂದ ನಂಟು ಸವಾರನ ತೂಕದೊಂದಿಗೆ ಕಂಡುಬರಲಿಲ್ಲ. ದಪ್ಪ ಸವಾರರಿಗೆ ಇದು ಸಮಾಧಾನದ ಸಂಗತಿ.

ಹಂತ 4: ಜೀನು ಮತ್ತು ಗೊರಸು

ಭಾರಿ ಕುದುರೆಗಳ ಬೆನ್ನು ಅಗಲ, ಹೆಗಲಿನ ಉಬ್ಬು ತಗ್ಗು. ಅರಬ್ಬಿಯ ಬೆನ್ನಿಗೆ ಕೂರುವ ಜೀನು ಇಲ್ಲಿ ಒಂದೋ ಭುಜವನ್ನು ಒತ್ತುತ್ತದೆ, ಇಲ್ಲವೇ ಪಕ್ಕಕ್ಕೆ ಉರುಳುತ್ತದೆ. ಉರುಳುವುದನ್ನು ತಡೆಯಲು ಹೊಟ್ಟೆಪಟ್ಟಿಯನ್ನು ಬಿಗಿಯುತ್ತಾ ಹೋಗುವುದು ಹೊಸಬರ ದೊಡ್ಡ ತಪ್ಪು. ಸರಿಯಾದ ಅಗಲದ ಚೌಕಟ್ಟಿರುವ ಜೀನನ್ನು ತಜ್ಞರಿಂದ ಹೊಂದಿಸಿಕೊಳ್ಳಿ. ಇಳಿಜಾರಿನಲ್ಲಿ ಜೀನು ಮುಂದಕ್ಕೆ ಜಾರದಂತೆ ಬಾಲದ ಬುಡಕ್ಕೆ ಸುತ್ತಿ ಕಟ್ಟುವ ಪಟ್ಟಿಯನ್ನು ಹಾಕಿ. ಎರಡು ಗಂಟೆಯ ಸವಾರಿಯ ನಂತರ ಜೀನು ತೆಗೆದಾಗ ಬೆವರಿನ ಗುರುತು ಎರಡೂ ಕಡೆ ಸಮನಾಗಿರಬೇಕು. ನಡುವೆ ಒಣಗಿದ ತೇಪೆ ಕಂಡರೆ ಆ ಜಾಗದಲ್ಲಿ ಒತ್ತಡ ಅತಿಯಾಗಿದೆಯೆಂದು ಅರ್ಥ. ತರಬೇತಿಯಿಂದ ಬೆನ್ನಿನ ಆಕಾರ ಬದಲಾಗುವುದರಿಂದ ಮೂರು ತಿಂಗಳಿಗೊಮ್ಮೆ ಮತ್ತೆ ಪರಿಶೀಲಿಸಿ. ದನಗಾಹಿಗಳ ಶೈಲಿಯ ವೆಸ್ಟರ್ನ್ ಜೀನನ್ನೇ ಬಳಸುತ್ತಿದ್ದರೆ ಅದನ್ನೊಮ್ಮೆ ತಕ್ಕಡಿಯಲ್ಲಿಟ್ಟು ನೋಡಿ. ಹಗುರವಾದ ಎಂಡ್ಯೂರೆನ್ಸ್ ಜೀನಿಗೆ ಬದಲಾದರೆ ಕುದುರೆಯ ಬೆನ್ನಿನಿಂದ ಎಷ್ಟೋ ಕಿಲೋ ಇಳಿಯುತ್ತದೆ.

ಗೊರಸಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಐದಾರು ವಾರಕ್ಕೊಮ್ಮೆ ತಪ್ಪದೆ ಗೊರಸು ಕತ್ತರಿಸಿ ಲಾಳ ಕಟ್ಟಿಸಿ, ಸ್ಪರ್ಧೆಗೆ ಸುಮಾರು ಒಂದು ವಾರ ಮೊದಲು ಹೊಸ ಲಾಳ ಇರುವಂತೆ ನೋಡಿಕೊಳ್ಳಿ. ಪ್ರತಿ ಹೆಜ್ಜೆಗೂ ಬೀಳುವ ಭಾರ ಹೆಚ್ಚಾದ್ದರಿಂದ ಡಾಂಬರು ರಸ್ತೆಯಲ್ಲಿ ಟ್ರಾಟ್ ಮಾಡಬೇಡಿ. ದಾರಿಯಲ್ಲಿ ಲಾಳ ಬಿದ್ದರೆ ತೊಡಿಸಲು ರಬ್ಬರಿನ ಗೊರಸುಬೂಟೊಂದನ್ನು ಜೊತೆಗೆ ಒಯ್ಯಿರಿ. ದೊಡ್ಡ ಅಳತೆಯವು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲವಾದ್ದರಿಂದ ಮುಂಚೆಯೇ ತರಿಸಿ, ತೊಡಿಸಿ ಅಭ್ಯಾಸ ಮಾಡಿಸಬೇಕು.

ಹಂತ 5: ಆರು ತಿಂಗಳಿಂದ ಒಂದು ವರ್ಷದ ನಿಧಾನ ತರಬೇತಿ

ಮೊದಲ 25 ಮೈಲಿಯ ಸ್ಪರ್ಧೆಗೆ ಕನಿಷ್ಠ ಆರು ತಿಂಗಳು, 50ಕ್ಕೆ ಒಂದು ವರ್ಷವನ್ನೇ ಇಟ್ಟುಕೊಳ್ಳಿ. ಹೃದಯ ಮತ್ತು ಸ್ನಾಯುಗಳು ಕೆಲವು ತಿಂಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜು ಮತ್ತು ಮೂಳೆಕೀಲುಗಳ ಕಟ್ಟುಗಳು ಪಳಗಲು ಹಲವು ತಿಂಗಳು, ಮೂಳೆ ಗಟ್ಟಿಯಾಗಲು ಅದಕ್ಕೂ ಹೆಚ್ಚು ಕಾಲ ಬೇಕು. ಕುದುರೆಯ ಉಸಿರಾಟ ಸಲೀಸಾಗಿದೆಯೆಂದು ವೇಗ ಹೆಚ್ಚಿಸಿದಾಗ ಕುಂಟು ಕಾಣಿಸಿಕೊಳ್ಳುವುದು ಈ ಅಂತರದಿಂದಲೇ.

ಮೊದಲ ಎರಡು ತಿಂಗಳು ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆಯಿಂದ ಒಂದೂವರೆ ಗಂಟೆ ಬಹುಪಾಲು ನಡಿಗೆ ಮಾತ್ರ. ನಡಿಗೆಯೆಂದರೆ ಸೋಮಾರಿ ನಡಿಗೆಯಲ್ಲ. ಹಿಂಗಾಲಿನ ಗುರುತು ಮುಂಗಾಲಿನ ಗುರುತನ್ನು ದಾಟುವಷ್ಟು ಚುರುಕಾದ ನಡಿಗೆ. ಭಾರಿ ಕುದುರೆಗೆ ಈ ನಡಿಗೆಯೇ ಆಸ್ತಿ. ಗಂಟೆಗೆ 5 ಕಿಲೋಮೀಟರಿನ ನಡಿಗೆಯನ್ನು ಆರೂವರೆಗೆ ಏರಿಸಿದರೆ ಸ್ಪರ್ಧೆಯ ದಿನ ಬಿಸಿಲಿನಲ್ಲಿ ಟ್ರಾಟ್ ಮಾಡಬೇಕಾದ ದೂರ ಗಮನಾರ್ಹವಾಗಿ ಇಳಿಯುತ್ತದೆ. ಮೂರನೆಯ ತಿಂಗಳಿನಿಂದ ಎರಡು ನಿಮಿಷದ ಟ್ರಾಟ್, ಐದು ನಿಮಿಷದ ನಡಿಗೆ ಎಂಬಂತೆ ಬೆರೆಸಿ, ಟ್ರಾಟ್‌ನ ಪಾಲನ್ನು ಮೆಲ್ಲಗೆ ಹೆಚ್ಚಿಸಿ. ವಾರಕ್ಕೊಂದು ದಿನ ದೀರ್ಘ ಸವಾರಿ ಇರಲಿ. ಅದರ ಉದ್ದವನ್ನು ವಾರಕ್ಕೆ ಶೇಕಡ 10ಕ್ಕಿಂತ ಹೆಚ್ಚಿಸಬೇಡಿ. ದೂರ, ವೇಗ, ಏರು ಈ ಮೂರರಲ್ಲಿ ಒಂದು ಬಾರಿಗೆ ಒಂದನ್ನು ಮಾತ್ರ ಹೆಚ್ಚಿಸಬೇಕು.

ನಾಡಿಮಾಪಕವನ್ನು ಕೊಂಡರೆ ಹಣ ವ್ಯರ್ಥವಾಗುವುದಿಲ್ಲ. ಜೀನಿನಡಿ ಮತ್ತು ಹೊಟ್ಟೆಪಟ್ಟಿಯಡಿ ಎರಡು ವಿದ್ಯುದ್ವಾರಗಳನ್ನಿಟ್ಟು ಕೈಗಡಿಯಾರದಲ್ಲಿ ನಾಡಿಯನ್ನು ತೋರಿಸುವ ಉಪಕರಣ ಅದು. ಟ್ರಾಟ್‌ನಲ್ಲಿ ನಾಡಿ 120ರಿಂದ 140ರೊಳಗೆ ಇರಲಿ. 150 ದಾಟುತ್ತಿದ್ದಂತೆ ನಡಿಗೆಗೆ ಇಳಿಯಿರಿ. ಅದರಾಚೆಗೆ ಸ್ನಾಯುಗಳು ಆಮ್ಲಜನಕ ಸಾಲದೆ ದುಡಿಯಲು ತೊಡಗುತ್ತವೆ, ಆ ದುಡಿಮೆಗೆ ಭಾರಿ ಕುದುರೆ ತೆರುವ ಬೆಲೆ ದೊಡ್ಡದು. ಸವಾರಿ ನಿಲ್ಲಿಸಿದ ಹತ್ತು ನಿಮಿಷದಲ್ಲಿ ನಾಡಿ 64ಕ್ಕೆ ಇಳಿದರೆ ಆ ದಿನದ ಕೆಲಸ ಸರಿಯಾಗಿತ್ತೆಂದು ತಿಳಿಯಿರಿ. ಅರ್ಧ ಗಂಟೆ ಕಳೆದರೂ 60ಕ್ಕಿಂತ ಮೇಲೇ ನಿಂತಿದ್ದರೆ ಕೆಲಸ ಹೆಚ್ಚಾಯಿತು. ಮುಂದಿನ ವಾರ ಹಿಂದಕ್ಕೆ ಬನ್ನಿ.

ದೀರ್ಘ ಇಳಿಜಾರುಗಳಲ್ಲಿ ನೀವೂ ಇಳಿದು ಕುದುರೆಯ ಪಕ್ಕದಲ್ಲಿ ನಡೆಯುವ ಅಭ್ಯಾಸ ಮಾಡಿಕೊಳ್ಳಿ. ಎ.ಇ.ಆರ್.ಸಿ. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಕುದುರೆಯ ಮುಂಗಾಲುಗಳಿಗಂತೂ ಅದು ದೊಡ್ಡ ಉಪಕಾರ.

ಹಂತ 6: ಮೇವು, ನೀರು, ಲವಣ

ಒಣಹುಲ್ಲೇ ಆಧಾರ. ದಿನಕ್ಕೆ ಮೈತೂಕದ ಶೇಕಡ ಒಂದೂವರೆಯಿಂದ ಎರಡರಷ್ಟು ಹುಲ್ಲು ಬೇಕು, ಅಂದರೆ 550 ಕಿಲೋದ ಕುದುರೆಗೆ 8ರಿಂದ 11 ಕಿಲೋ. ದೊಡ್ಡ ಕರುಳಿನಲ್ಲಿ ಕೂಡಿರುವ ಈ ನಾರು ನೀರನ್ನು ಹಿಡಿದಿಟ್ಟುಕೊಂಡು ದಾರಿಯುದ್ದಕ್ಕೂ ಬಳಕೆಗೆ ಬಿಡುತ್ತದೆ. ಹೆಚ್ಚಿನ ಶಕ್ತಿ ಬೇಕಾದಾಗ ಧಾನ್ಯದ ಬದಲು ಅಡುಗೆ ಎಣ್ಣೆಯನ್ನು ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿಸಿ. ನಮ್ಮ ಕಡೆ ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಸೊಪ್ಪು ಅಮೆರಿಕದಲ್ಲಿ ಆಲ್ಫಾಲ್ಫಾ ಎಂಬ ಹೆಸರಿನಿಂದ ಹೇರಳವಾಗಿ ಸಿಗುತ್ತದೆ. ಅದರಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ದಿನನಿತ್ಯ ಮಿತವಾಗಿಯೂ ಸ್ಪರ್ಧೆಯ ದಿನ ಸ್ವಲ್ಪ ಧಾರಾಳವಾಗಿಯೂ ಕೊಡುವುದು ರೂಢಿ. ಬೇಯಿಸಿದ ಹುರುಳಿಯನ್ನು ಕೊಡಬಹುದೇ ಎಂದು ಕೆಲವರು ಕೇಳುತ್ತಾರೆ. ಹುಟ್ಟಿದಾಗಿನಿಂದ ಅದನ್ನು ತಿಂದ ಕುದುರೆಗೆ ಅದು ಒಳ್ಳೆಯ ಆಹಾರವೇ ಸರಿ, ಆದರೆ ಅಭ್ಯಾಸವಿಲ್ಲದ ಕುದುರೆಗೆ ಸ್ಪರ್ಧೆಯ ಹೊತ್ತಿನಲ್ಲಿ ಯಾವುದೇ ಹೊಸ ಆಹಾರ ಕೊಟ್ಟರೂ ಹೊಟ್ಟೆಶೂಲೆಗೆ ದಾರಿಯಾಗುತ್ತದೆ.

ಲವಣದ ವಿಷಯದಲ್ಲಿ ಒಂದು ಮುಖ್ಯ ವ್ಯತ್ಯಾಸ ತಿಳಿದಿರಬೇಕು. ನಮ್ಮ ಬೆವರಿನಲ್ಲಿ ನೀರಿನ ಪಾಲು ಹೆಚ್ಚು. ಬೆವರಿದಷ್ಟೂ ರಕ್ತದಲ್ಲಿ ಉಪ್ಪು ಗಾಢವಾಗಿ ಬಾಯಾರಿಕೆ ಹುಟ್ಟುತ್ತದೆ. ಕುದುರೆಯ ಬೆವರಿನಲ್ಲಿ ನೀರಿನ ಜೊತೆಗೆ ಉಪ್ಪೂ ಧಾರಾಳವಾಗಿ ಹೋಗುವುದರಿಂದ ಮೈಯ ನೀರು ಬತ್ತಿದ್ದರೂ ಅದಕ್ಕೆ ಬಾಯಾರಿಕೆಯೇ ಆಗದಿರಬಹುದು. ಬಿಸಿಲಿನಲ್ಲಿ ದುಡಿಯುವ ಕುದುರೆ ಗಂಟೆಗೆ 10 ಲೀಟರಿಗೂ ಹೆಚ್ಚು ಬೆವರಬಲ್ಲದು. ಹೀಗೆ ಕಳೆದುಹೋಗುವ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮುಂತಾದ ಲವಣಗಳನ್ನೇ ಎಲೆಕ್ಟ್ರೊಲೈಟ್ ಎನ್ನುವುದು. ಅವುಗಳನ್ನು ನೆನೆಸಿದ ಬೀಟ್ ತಿರುಳಿನಲ್ಲಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಬೀಟ್ ಗೆಡ್ಡೆಯ ನಾರಿನಲ್ಲಿ, ಬೆರೆಸಿ ಕೊಡುವುದು ಉತ್ತಮ. ಪ್ರಮಾಣವನ್ನು ನಿಮ್ಮ ಕುದುರೆಯ ತೂಕಕ್ಕೆ ತಕ್ಕಂತೆ ಪಶುವೈದ್ಯರಿಂದ ಬರೆಸಿಕೊಳ್ಳಿ. ನೀರು ಕುಡಿಯದ ಕುದುರೆಯ ಬಾಯಿಗೆ ಗಾಢ ಲವಣದ ಮಿಶ್ರಣವನ್ನು ಎಂದೂ ಪಿಚಕಾರಿಯಿಂದ ಹಾಕಬೇಡಿ. ಅದು ಮೈಯೊಳಗಿನ ನೀರನ್ನೇ ಕರುಳಿಗೆ ಸೆಳೆಯುತ್ತದೆ, ಹೊಟ್ಟೆಯ ಒಳಪೊರೆಯನ್ನೂ ಕೆರಳಿಸುತ್ತದೆ.

ಹಂತ 7: ತಂಪು ಮಾಡುವುದನ್ನು ಮನೆಯಲ್ಲೇ ಕಲಿಯಿರಿ

ನನ್ನ ಕ್ವಾರ್ಟರ್ ಹಾರ್ಸ್ ಹೆಣ್ಣುಕುದುರೆಯೊಂದಿಗೆ ಮೊದಲ 50 ಮೈಲಿಗೆ ಹೋದಾಗ, ಮುಂದೆ ಓಡುತ್ತಿದ್ದ ಅರಬ್ಬಿಗಳ ಬೆನ್ನು ಹತ್ತಿ ಮೊದಲ ವೆಟ್ ಚೆಕ್ ತಲುಪಿದೆ. ಅವುಗಳ ನಾಡಿ ನಾಲ್ಕೈದು ನಿಮಿಷದಲ್ಲಿ ಇಳಿಯಿತು, ನನ್ನ ಕುದುರೆಯದು 72ರಲ್ಲೇ ನಿಂತುಬಿಟ್ಟಿತು. ನಾಡಿ ಇಳಿಯಲು ಇರುವ ಮೂವತ್ತು ನಿಮಿಷದ ಗಡುವು ಮುಗಿದಾಗ ನಮ್ಮ ಸವಾರಿಯೂ ಮುಗಿಯಿತು. ಅದರ ಕಾಲಾಗಲೀ ಉಸಿರಾಗಲೀ ಕೆಟ್ಟಿರಲಿಲ್ಲ. ಮೈಯ ಬಿಸಿ ಇಳಿದಿರಲಿಲ್ಲ, ಅಷ್ಟೇ. ಚರ್ಮಕ್ಕೆ ರಕ್ತ ಹರಿಸಿ ಶಾಖ ಹೊರಹಾಕಲು ಹೃದಯ ಬಡಿಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ನಾಡಿ ಇಳಿಯಬೇಕಾದರೆ ಮೊದಲು ಮೈ ತಣಿಯಬೇಕು.

ದಪ್ಪ ಮೈಗೂದಲಿನ ಕುದುರೆಯಾದರೆ ಕುತ್ತಿಗೆಯ ಕೆಳಭಾಗ, ಎದೆ ಮತ್ತು ಹೊಟ್ಟೆಯ ಕೂದಲನ್ನು ಯಂತ್ರದಿಂದ ಕತ್ತರಿಸಿ. ಫ್ರೀಸಿಯನ್, ಫ್ಯೋರ್ಡ್, ಹಾಫ್ಲಿಂಗರ್‌ಗಳ ಸೊಂಪಾದ ಕೇಸರವನ್ನು ಹೆಣೆದು ಕಟ್ಟಿದರೆ ಕುತ್ತಿಗೆಗೆ ಗಾಳಿಯಾಡುತ್ತದೆ. ಜೀನಿಗೆ ಹಗ್ಗದಿಂದ ಸ್ಪಂಜು ಕಟ್ಟಿಕೊಂಡು ಪ್ರತಿ ತೊರೆಯಲ್ಲೂ ಕುತ್ತಿಗೆ ಮತ್ತು ಎದೆಯನ್ನು ತೋಯಿಸಿ. ವೆಟ್ ಚೆಕ್‌ನಲ್ಲಿ ಜೀನು ಕಳಚಿ, ನೆರಳಿನಲ್ಲಿ ನಿಲ್ಲಿಸಿ, ಮೈಮೇಲೆಲ್ಲ ತಣ್ಣೀರನ್ನು ಎಡೆಬಿಡದೆ ಸುರಿಯಿರಿ. ತಣ್ಣೀರಿನಿಂದ ಸ್ನಾಯು ಹಿಡಿದುಕೊಳ್ಳುತ್ತದೆಂಬ ಹಳೆಯ ಭಯ ಇನ್ನೂ ಬಹಳ ಜನರಲ್ಲಿದೆ, ಆದರೆ 1996ರ ಅಟ್ಲಾಂಟ ಒಲಿಂಪಿಕ್ಸ್‌ಗೆ ಮುನ್ನ ನಡೆದ ಸಂಶೋಧನೆಗಳಿಂದೀಚೆಗೆ, ಬಿಸಿಯೇರಿದ ಕುದುರೆಗೆ ತಣ್ಣೀರೇ ಅತಿ ಪರಿಣಾಮಕಾರಿ ಎಂಬುದು ದೃಢಪಟ್ಟಿದೆ. ಸುರಿದ ನೀರು ಬಿಸಿಯಾಗಿ ಇಳಿಯುತ್ತಿರುವವರೆಗೂ ಮತ್ತೆ ಸುರಿಯುತ್ತಿರಬೇಕು. ಒದ್ದೆ ಬಟ್ಟೆ ಹೊದಿಸಿ ಬಿಡುವುದು ತಪ್ಪು. ಅದು ಕೆಲವೇ ನಿಮಿಷಗಳಲ್ಲಿ ಬಿಸಿ ಹೊದಿಕೆಯಾಗುತ್ತದೆ.

ಹವೆಯನ್ನು ಅಳೆಯಲು ಸವಾರರು ಬಳಸುವ ಸರಳ ಲೆಕ್ಕವೊಂದಿದೆ: ಫ್ಯಾರನ್‌ಹೀಟ್‌ನಲ್ಲಿ ಉಷ್ಣಾಂಶಕ್ಕೆ ಗಾಳಿಯ ತೇವಾಂಶದ ಶೇಕಡ ಪ್ರಮಾಣವನ್ನು ಕೂಡಿಸಿ. ಮೊತ್ತ 130ರೊಳಗಿದ್ದರೆ ಚಿಂತೆಯಿಲ್ಲ. 150 ದಾಟಿದರೆ ಬೆವರು ಆರುವುದು ಕಷ್ಟವಾಗುತ್ತದೆ, 180 ದಾಟಿದರೆ ಯಾವ ಕುದುರೆಯೂ ತನ್ನನ್ನು ತಾನು ತಣಿಸಿಕೊಳ್ಳಲಾರದು. ಭಾರಿ ಕುದುರೆಯಾದರೆ ನಾನು 150ಕ್ಕೇ ಪ್ರವೇಶವನ್ನು ಹಿಂಪಡೆಯುತ್ತೇನೆ.

ಹಂತ 8: ಮೊದಲ ಸ್ಪರ್ಧೆಯ ಆಯ್ಕೆ

ವಸಂತದ ಆರಂಭದಲ್ಲೋ ಶರತ್ಕಾಲದ ಕೊನೆಯಲ್ಲೋ ನಡೆಯುವ, ಏರಿಳಿತ ಕಡಿಮೆಯಿರುವ 25 ಮೈಲಿಯ ಸವಾರಿಯನ್ನು ಆರಿಸಿ. ಇಲ್ಲೊಂದು ಸೂಕ್ಷ್ಮವಿದೆ: ಲಿಮಿಟೆಡ್ ಡಿಸ್ಟನ್ಸ್‌ನಲ್ಲಿ ಗೆರೆ ದಾಟಿದೊಡನೆ ಗಡಿಯಾರ ನಿಲ್ಲುವುದಿಲ್ಲ, ನಾಡಿ 60ಕ್ಕೆ ಇಳಿದಾಗಲೇ ನಿಮ್ಮ ಸವಾರಿ ಮುಗಿದಂತೆ. ಇಂತಹ ಎರಡು ಮೂರು ಸವಾರಿಗಳು ನೆಮ್ಮದಿಯಿಂದ ಮುಗಿದ ಮೇಲೆ 50ಕ್ಕೆ ಹೋಗಿ. 1955ರಲ್ಲಿ ವೆಂಡೆಲ್ ರಾಬಿ ಆರಂಭಿಸಿದ ಟೆವಿಸ್ ಕಪ್ ಎಲ್ಲರ ಕನಸು. ಸಿಯೆರಾ ನೆವಾಡ ಪರ್ವತ ದಾಟಿ ಆಬರ್ನ್ ಪಟ್ಟಣಕ್ಕೆ ಒಂದೇ ದಿನದಲ್ಲಿ 100 ಮೈಲಿ ಸಾಗುವ ಆ ದಾರಿಯಲ್ಲಿ ಬೇಸಿಗೆಯ ಬಿಸಿಲಿಗೆ ಕಾದ ಆಳವಾದ ಕಣಿವೆಗಳಿವೆ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಕೊನೆ ಮುಟ್ಟುತ್ತಾರೆ. ವರ್ಜೀನಿಯದ ಓಲ್ಡ್ ಡೊಮಿನಿಯನ್ ಸವಾರಿಯಲ್ಲಿ ಕಲ್ಲುದಾರಿಯ ಜೊತೆಗೆ ತೇವದ ಸೆಕೆಯೂ ಸೇರುತ್ತದೆ. ಭಾರಿ ಕುದುರೆಗೆ ಇವೆರಡೂ ಆರಂಭದ ತಾಣಗಳಲ್ಲ.

ಹಂತ 9: ಸ್ಪರ್ಧೆಯ ದಿನ

ಹಿಂದಿನ ದಿನವೇ ತಲುಪಿ, ಕುದುರೆ ಅಪರಿಚಿತ ನೀರನ್ನು ಕುಡಿಯುತ್ತಿದೆಯೇ ನೋಡಿ. ನೋವುನಿವಾರಕ ಔಷಧಗಳಿಗೆ ನಿಷೇಧವಿರುವುದರಿಂದ ಇತ್ತೀಚೆಗೆ ಏನಾದರೂ ಚಿಕಿತ್ಸೆ ಕೊಡಿಸಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಬೆಳಿಗ್ಗೆ ಗುಂಪು ಹೊರಟ ಹತ್ತು ಹದಿನೈದು ನಿಮಿಷಗಳ ನಂತರ ಹೊರಡಿ. ಮುಂದಿನ ಕುದುರೆಗಳು ಕಣ್ಣಿಗೆ ಬೀಳದಿದ್ದರೆ ನಿಮ್ಮದು ಲಗಾಮು ಜಗ್ಗದೆ ತನ್ನ ಹದದಲ್ಲಿ ಸಾಗುತ್ತದೆ. ತಂಪಾದ ಬೆಳಗಿನ ಹೊತ್ತಿನಲ್ಲಿ ಸಮತಟ್ಟು ದಾರಿ ಸಿಕ್ಕಲ್ಲೆಲ್ಲ ಟ್ರಾಟ್ ಮಾಡಿ ಸಮಯ ಗಳಿಸಿ. ಮಧ್ಯಾಹ್ನದ ಏರುಗಳನ್ನು ನಡೆದೇ ಹತ್ತಿ. ಕ್ಯಾಂಟರ್, ಅಂದರೆ ಮೂರು ತಾಳದ ನೆಗೆತದ ಓಟ, ಈ ದಿನಕ್ಕೆ ಬೇಡ. ಟ್ರಾಟ್‌ನಲ್ಲಿ ಜೀನಿನಿಂದ ಏಳುವ ಕೂರುವ ಲಯವನ್ನು ಆಗಾಗ ಎಡದಿಂದ ಬಲಕ್ಕೆ ಬದಲಿಸದಿದ್ದರೆ ಒಂದೇ ಕಡೆಯ ಸ್ನಾಯುಗಳು ದಣಿಯುತ್ತವೆ. ಪ್ರತಿ ವೆಟ್ ಚೆಕ್‌ಗೆ ಒಂದು ಮೈಲಿ ಇರುವಾಗ ಇಳಿದು, ಹೊಟ್ಟೆಪಟ್ಟಿ ಸಡಿಲಿಸಿ, ನಡೆಸಿಕೊಂಡು ಬನ್ನಿ.

ನಾಡಿಯ ಮಿತಿಯನ್ನು ಆ ದಿನದ ವೈದ್ಯರು ನಿಗದಿಪಡಿಸುತ್ತಾರೆ. ಸಾಮಾನ್ಯವಾಗಿ ಅದು 60 ಅಥವಾ 64. ತಲುಪಿದ 30 ನಿಮಿಷದೊಳಗೆ ಅಲ್ಲಿಗೆ ಇಳಿಯಲೇಬೇಕು. ನಂತರ ವೈದ್ಯರು ಒಸಡಿನ ಬಣ್ಣ, ಒಸಡನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು ಹಿಡಿಯುವ ಸಮಯ, ಕುತ್ತಿಗೆಯ ಚರ್ಮ ಚಿವುಟಿದಾಗ ಅದು ಮರಳುವ ವೇಗ, ಹೊಟ್ಟೆಯ ನಾಲ್ಕೂ ಭಾಗಗಳ ಕರುಳಿನ ಸದ್ದು ಮತ್ತು ನಡಿಗೆಯನ್ನು ಪರೀಕ್ಷಿಸುತ್ತಾರೆ. ಕುದುರೆಯನ್ನು 125 ಅಡಿ ಓಡಿಸಿ ಮರಳಿ ತರಿಸಿ, ಓಟ ತೊಡಗಿದ ಒಂದು ನಿಮಿಷಕ್ಕೆ ನಾಡಿಯನ್ನು ಮತ್ತೆ ಎಣಿಸುವ ಕ್ರಮಕ್ಕೆ ಸಿ.ಆರ್.ಐ. ಎನ್ನುತ್ತಾರೆ. ಎರಡನೆಯ ಎಣಿಕೆ ಮೊದಲಿನಷ್ಟೇ ಅಥವಾ ಕಡಿಮೆ ಇದ್ದರೆ ಶುಭ. ನಾಲ್ಕಕ್ಕಿಂತ ಹೆಚ್ಚು ಏರಿದ್ದರೆ ಕುದುರೆಯೊಳಗೆ ಏನೋ ಸರಿಯಿಲ್ಲ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ವೈದ್ಯರು ಹೇಳುವವರೆಗೆ ಕಾಯದೆ ನೀವಾಗಿಯೇ ನಿಲ್ಲಿಸಿ: ನಾಡಿಬಡಿತಕ್ಕೆ ಸರಿಯಾಗಿ ಪಕ್ಕೆ ಅದುರುವುದು, ಅಂದರೆ ‘ಥಂಪ್ಸ್’, ಪೃಷ್ಠದ ಸ್ನಾಯು ಗಟ್ಟಿಯಾಗುವುದು, ಮೇವಿನ ಕಡೆ ನೋಡದಿರುವುದು, ಬಿಸಿಲಿನಲ್ಲೂ ಬೆವರು ನಿಲ್ಲುವುದು. ಉಸಿರಾಟದ ವೇಗ ನಾಡಿಯನ್ನು ಮೀರಿದ್ದರೆ ಗುದದ್ವಾರದಲ್ಲಿ ಉಷ್ಣಮಾಪಕ ಇಟ್ಟು ನೋಡಿ. ವಿಶ್ರಾಂತಿಯಲ್ಲಿ 38 ಡಿಗ್ರಿ ಸೆಲ್ಸಿಯಸ್ ಸಹಜ. ತಣಿಸಿದ ಮೇಲೂ 40ಕ್ಕಿಂತ ಕೆಳಗಿಳಿಯದಿದ್ದರೆ ತಕ್ಷಣ ವೈದ್ಯರನ್ನು ಕರೆಯಬೇಕು.

ಹಂತ 10: ಮುಗಿದ ಮೇಲಿನ ಒಂದು ದಿನ

ಪೂರೈಸಿದ ಸಂತೋಷದಲ್ಲಿ ಆ ರಾತ್ರಿಯೇ ಕುದುರೆಯನ್ನು ಟ್ರೈಲರಿಗೆ ಹತ್ತಿಸಿ ಹೊರಡಬೇಡಿ. ಅಲುಗಾಡುವ ಟ್ರೈಲರಿನಲ್ಲಿ ದೇಹ ಸಮತೋಲಿಸಿ ನಿಲ್ಲುವುದೂ ದಣಿದ ಸ್ನಾಯುಗಳಿಗೆ ದುಡಿಮೆಯೇ. ಮೈ ತಣಿದ ಮೇಲೆ ಒಣಹುಲ್ಲು, ನೆನೆಸಿದ ತಿರುಳು ಮತ್ತು ಬೇಕಾದಷ್ಟು ನೀರು ಕೊಟ್ಟು, ಗಂಟೆಗೊಮ್ಮೆ ಹತ್ತು ನಿಮಿಷ ನಡೆಸಿ. ಮಲಗುವ ಮುನ್ನ ಮೂರನ್ನು ನೋಡಿ: ಮೂತ್ರ ವಿಸರ್ಜಿಸಿತೇ ಮತ್ತು ಅದರ ಬಣ್ಣ ತಿಳಿಯಾಗಿದೆಯೇ, ಲದ್ದಿ ಹಾಕಿತೇ, ಹೊಟ್ಟೆಯಲ್ಲಿ ಸದ್ದಿದೆಯೇ. ಮೂತ್ರ ಕಪ್ಪಾಗಿದ್ದರೆ ಬೆಳಗಾಗುವವರೆಗೆ ಕಾಯದೆ ವೈದ್ಯರನ್ನು ಎಬ್ಬಿಸಿ. ನಡುರಾತ್ರಿಯಲ್ಲೊಮ್ಮೆ ಎದ್ದು ನೀರಿನ ಬಕೆಟ್ಟು ಎಷ್ಟು ಇಳಿದಿದೆಯೆಂದು ನೋಡಿದರೆ ಇನ್ನೂ ಒಳ್ಳೆಯದು.

ಮರುದಿನ ಬೆಳಿಗ್ಗೆ ಸಮನೆಲದಲ್ಲಿ ಟ್ರಾಟ್ ಮಾಡಿಸಿ ಕುಂಟು ಇದೆಯೇ ನೋಡಿ, ನಾಲ್ಕೂ ಕಾಲುಗಳ ಸ್ನಾಯುರಜ್ಜುಗಳ ಮೇಲೆ ಅಂಗೈ ಆಡಿಸಿ ಬಿಸಿ ಅಥವಾ ಊತವಿದೆಯೇ ಗಮನಿಸಿ, ಬೆನ್ನನ್ನು ಒತ್ತಿ ನೋವಿದೆಯೇ ಪರೀಕ್ಷಿಸಿ. ಪೂರೈಸಿದ ಪ್ರತಿ ಹತ್ತು ಮೈಲಿಗೆ ಒಂದು ದಿನದಂತೆ ಸವಾರಿಯಿಲ್ಲದ ವಿಶ್ರಾಂತಿ ಕೊಡುವುದು ರೂಢಿ. ಭಾರಿ ಕುದುರೆಗೆ ನಾನು 50 ಮೈಲಿಯ ನಂತರ ಎರಡು ವಾರ ಕೊಡುತ್ತೇನೆ. ಪಿ.ಎಸ್.ಎಸ್.ಎಂ. ಇರುವ ಕುದುರೆಯನ್ನಂತೂ ಈ ದಿನಗಳಲ್ಲಿ ಕಟ್ಟಿಹಾಕಬಾರದು. ಅದನ್ನು ಬಯಲಿಗೆ ಬಿಟ್ಟು, ದಿನವೂ ಕೈಯಲ್ಲಿ ಹಿಡಿದು ಸ್ವಲ್ಪ ದೂರ ನಡೆಸಬೇಕು, ಆ ದಿನಗಳಲ್ಲಿ ಕೊಡುವ ಹೆಚ್ಚುವರಿ ಆಹಾರವನ್ನೂ ಇಳಿಸಬೇಕು.